ಬಂಗು, ಬಿಸಿಲುಕಲೆ ಮತ್ತು ಕೆಮಿಕಲ್ ಪೀಲ್: ಆಮ್ಲ ಏನನ್ನು ತೆಗೆಯುತ್ತದೆ, ಏನನ್ನು ತೆಗೆಯಲಾರದು

ಮುಖದ ಮೇಲಿನ ಕಪ್ಪುಕಲೆಗಳಿಗೆ ಪರಿಹಾರ ಹುಡುಕುವವರಿಗೆ ಕೆಮಿಕಲ್ ಪೀಲ್ ಎಂಬ ಹೆಸರು ಈಗ ಹೊಸದಲ್ಲ. ದೊಡ್ಡ ನಗರಗಳ ಚರ್ಮ ಚಿಕಿತ್ಸಾಲಯಗಳಲ್ಲಿ ಮಾತ್ರವಲ್ಲದೆ ಚಿಕ್ಕ ಊರುಗಳ ಬ್ಯೂಟಿ ಪಾರ್ಲರ್‌ಗಳಲ್ಲಿಯೂ ಇದರ ಮಾತು ಕೇಳಿಬರುತ್ತದೆ. ನಿರ್ದಿಷ್ಟ ಪ್ರಮಾಣದ ಆಮ್ಲವನ್ನು ಚರ್ಮದ ಮೇಲೆ ನಿರ್ದಿಷ್ಟ ಹೊತ್ತು ಇರಿಸಿ, ಮೇಲಿನ ಪದರಗಳು ಸುಲಿದುಹೋಗುವಂತೆ ಮಾಡುವ ಚಿಕಿತ್ಸೆ ಇದು. ಸುಲಿದುಹೋದ ಪದರದ ಜೊತೆಗೆ ಅದರಲ್ಲಿ ಸೇರಿಕೊಂಡಿದ್ದ ಬಣ್ಣವೂ ಹೋಗುತ್ತದೆ. ವಿಷಯವನ್ನು ಇಷ್ಟು ಸುಲಭವಾಗಿ ಹೇಳಿಬಿಡಬಹುದಾದ್ದರಿಂದ, ನಾಲ್ಕಾರು ಬಾರಿ ಪೀಲ್ ಮಾಡಿಸಿದರೆ ಬಂಗು ಶಾಶ್ವತವಾಗಿ ಹೋಗುತ್ತದೆ ಎಂಬ ನಂಬಿಕೆಯೂ ಸುಲಭವಾಗಿ ಬೆಳೆದಿದೆ. ಚರ್ಮದಲ್ಲಿ ಈಗಾಗಲೇ ಸೇರಿರುವ ಬಣ್ಣವನ್ನು ಹೊರಹಾಕುವ ಕೆಲಸವನ್ನು ಪೀಲ್ ಚೆನ್ನಾಗಿ ಮಾಡುತ್ತದೆ. ಬಣ್ಣವನ್ನು ತಯಾರಿಸುತ್ತಲೇ ಇರುವ ಜೀವಕೋಶವನ್ನು ಸುಮ್ಮನಾಗಿಸುವ ಕೆಲಸವನ್ನು ಮಾಡುವುದು ತೀರ ಕಡಿಮೆ. ಬಂಗು ಮತ್ತು ಬಿಸಿಲುಕಲೆ, ನೋಡಲು ಒಂದೇ ಜಾತಿಯವೆನಿಸಿದರೂ, ಈ ಚಿಕಿತ್ಸೆಗೆ ಬೇರೆ ಬೇರೆಯಾಗಿ ಸ್ಪಂದಿಸುವುದಕ್ಕೆ ಮುಖ್ಯ ಕಾರಣ ಇದೇ.

ಬಣ್ಣ ಎಲ್ಲಿ ಕುಳಿತಿದೆ

ನಮ್ಮ ಹೊರಚರ್ಮದ ತಳದಲ್ಲಿ ಮೆಲನೊಸೈಟ್ ಎಂಬ ವರ್ಣಕೋಶಗಳಿವೆ. ಇವು ಟೈರೊಸಿನೇಸ್ ಎಂಬ ಕಿಣ್ವದ ನೆರವಿನಿಂದ ಮೆಲನಿನ್ ಎಂಬ ಬಣ್ಣವನ್ನು ತಯಾರಿಸಿ, ಅದನ್ನು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ, ತಮ್ಮ ಕವಲುಗಳ ಮೂಲಕ ಸುತ್ತಲಿನ ಜೀವಕೋಶಗಳಿಗೆ ಹಂಚುತ್ತವೆ. ಒಂದೊಂದು ವರ್ಣಕೋಶ ಸುಮಾರು 36 ನೆರೆಯ ಕೋಶಗಳಿಗೆ ಬಣ್ಣ ಒದಗಿಸುತ್ತದೆ. ಬಣ್ಣ ಪಡೆದ ಕೋಶಗಳು ಕ್ರಮೇಣ ಮೇಲೇರಿ, ಒಣಗಿ, ಸುಮಾರು ನಾಲ್ಕು ವಾರಗಳ ಅವಧಿಯಲ್ಲಿ ನಮಗೆ ಕಾಣದಂತೆ ಉದುರಿಹೋಗುತ್ತವೆ. ಬೆಳ್ಳಗಿರುವವರಲ್ಲಿಯೂ ಕಪ್ಪಗಿರುವವರಲ್ಲಿಯೂ ವರ್ಣಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಬಣ್ಣದ ಪ್ರಮಾಣ, ಬಣ್ಣದ ಚೀಲಗಳ ಗಾತ್ರ ಮತ್ತು ಅವು ಹರಡಿಕೊಳ್ಳುವ ರೀತಿಯಲ್ಲಿ ವ್ಯತ್ಯಾಸವಿದೆ. ಸೂರ್ಯನ ನೇರಳಾತೀತ ಕಿರಣಗಳಿಂದ ಕೋಶಗಳ ಒಳಗಿನ ಡಿಎನ್ಎಯನ್ನು ಕಾಪಾಡುವುದು ಈ ಬಣ್ಣದ ಕೆಲಸ. ಆದ್ದರಿಂದ ಚರ್ಮಕ್ಕೆ ಬಿಸಿಲು ತಾಗಿದಾಗಲೂ, ಉರಿ ಅಥವಾ ಗಾಯವಾದಾಗಲೂ ಅದು ಹೆಚ್ಚು ಬಣ್ಣವನ್ನು ತಯಾರಿಸಿ ಉತ್ತರ ಕೊಡುತ್ತದೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಪೀಲ್‌ನಿಂದ ಬರುವ ಬಹುಪಾಲು ತೊಂದರೆಗಳ ಮೂಲ ಇಲ್ಲಿಯೇ ಇದೆ.

ಬಂಗು, ವೈದ್ಯರ ಮಾತಿನಲ್ಲಿ ಮೆಲಾಸ್ಮ, ಸಾಮಾನ್ಯವಾಗಿ ಎರಡೂ ಕೆನ್ನೆಗಳ ಮೇಲೆ, ಹಣೆಯಲ್ಲಿ, ಮೂಗಿನ ಮೇಲೆ, ಮೇಲ್ದುಟಿಯ ಮೇಲ್ಭಾಗದಲ್ಲಿ, ಕೆಲವರಲ್ಲಿ ದವಡೆಯ ಅಂಚಿನಲ್ಲಿ, ಎಡಬಲಗಳಲ್ಲಿ ಸರಿಸಮನಾಗಿ ಹರಡಿಕೊಳ್ಳುವ ಕಂದು ಅಥವಾ ಬೂದುಗಂದು ಬಣ್ಣದ ತೇಪೆ. ಹೆಂಗಸರಲ್ಲಿಯೇ ಹೆಚ್ಚು, ಆದರೆ ಭಾರತದ ಅಧ್ಯಯನಗಳಲ್ಲಿ ರೋಗಿಗಳ ಸುಮಾರು ಐದನೇ ಒಂದು ಪಾಲು ಗಂಡಸರೇ ಇದ್ದಾರೆ. ವಂಶವಾಹಿ ಒಲವು, ಗರ್ಭಾವಸ್ಥೆಯ ಹಾರ್ಮೋನುಗಳು, ಗರ್ಭನಿರೋಧಕ ಮಾತ್ರೆಗಳು ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಬೆಳಕು ಸೇರಿ ಇದನ್ನು ಉಂಟುಮಾಡುತ್ತವೆ. ಬೆಳಕು ಎಂದರೆ ನೇರಳಾತೀತ ಕಿರಣಗಳಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕಿನ ನೀಲಿ–ನೇರಳೆ ಭಾಗವೂ ನಮ್ಮಂಥ ಚರ್ಮದಲ್ಲಿ ಬಂಗನ್ನು ಕೆರಳಿಸುತ್ತದೆ. ಒಲೆಯ ಮುಂದೆ, ಕುಲುಮೆಯ ಮುಂದೆ ದಿನಗಟ್ಟಲೆ ದುಡಿಯುವವರಲ್ಲಿ ಶಾಖವೂ ಒಂದು ಕಾರಣವೆಂದು ವೈದ್ಯರು ಎಣಿಸುತ್ತಾರೆ.

ಬಂಗು ಬರೀ ಬಣ್ಣದ ಶೇಖರಣೆಯಲ್ಲ ಎಂಬುದು ಈಚಿನ ದಶಕಗಳಲ್ಲಿ ಸ್ಪಷ್ಟವಾಗಿರುವ ಸಂಗತಿ. ಆ ಭಾಗದ ಚರ್ಮದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವರ್ಣಕೋಶಗಳು ಉಬ್ಬಿ ಚಟುವಟಿಕೆಯಿಂದಿರುವುದಲ್ಲದೆ, ಹೊರಚರ್ಮ ಮತ್ತು ಒಳಚರ್ಮಗಳ ನಡುವಣ ಪೊರೆ ಅಲ್ಲಲ್ಲಿ ಹರಿದಿರುವುದು, ರಕ್ತನಾಳಗಳು ಹೆಚ್ಚಿರುವುದು, ಬಿಸಿಲಿನಿಂದ ಒಳಚರ್ಮದ ಎಳೆಗಳು ಕೆಟ್ಟಿರುವುದು ಕಾಣುತ್ತದೆ. ಹರಿದ ಪೊರೆಯ ಮೂಲಕ ಬಣ್ಣ ಕೆಳಕ್ಕಿಳಿದು ಒಳಚರ್ಮದಲ್ಲಿ ನಿಂತುಬಿಡುತ್ತದೆ. ಮೇಲಿನ ಪದರದ ಬಣ್ಣಕ್ಕೆ ಉದುರಿಹೋಗುವ ದಾರಿಯಿದೆ. ಒಳಚರ್ಮಕ್ಕಿಳಿದ ಬಣ್ಣಕ್ಕೆ ಆ ದಾರಿಯಿಲ್ಲ. ವೈದ್ಯರು ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪವನ್ನು ಮುಖಕ್ಕೆ ಹಿಡಿದು ನೋಡುವುದು ಈ ಆಳವನ್ನು ಅಂದಾಜು ಮಾಡಲಿಕ್ಕೆ. ಬಣ್ಣ ಮೇಲ್ಪದರದಲ್ಲಿದ್ದರೆ ಕಲೆಯ ಅಂಚು ಎದ್ದು ಕಾಣುತ್ತದೆ, ಆಳದಲ್ಲಿದ್ದರೆ ಹಾಗಾಗುವುದಿಲ್ಲ. ಗಾಢ ಬಣ್ಣದ ಚರ್ಮದಲ್ಲಿ ಈ ಪರೀಕ್ಷೆ ಅಷ್ಟು ನಂಬಲರ್ಹವಲ್ಲವಾದ್ದರಿಂದ ಈಗ ಡರ್ಮೊಸ್ಕೋಪ್ ಎಂಬ ಚಿಕ್ಕ ಉಪಕರಣದ ನೆರವನ್ನೂ ಪಡೆಯುತ್ತಾರೆ. ಬಹಳಷ್ಟು ಜನರಲ್ಲಿ ಎರಡೂ ಬಗೆಯ ಬಣ್ಣ ಬೆರೆತಿರುತ್ತದೆ.

ಬಿಸಿಲುಕಲೆಯ ಸ್ವಭಾವ ಬೇರೆ. ಸೋಲಾರ್ ಲೆಂಟಿಗೊ ಎಂದು ಕರೆಯುವ ಈ ಕಲೆಗಳು ನಡುವಯಸ್ಸು ದಾಟಿದವರ ಮುಖ, ಮುಂಗೈ, ಹೊರಗೈಗಳಲ್ಲಿ, ಅಂದರೆ ವರ್ಷಗಳ ಕಾಲ ಬಿಸಿಲುಂಡ ಜಾಗಗಳಲ್ಲಿ, ಸ್ಪಷ್ಟ ಅಂಚಿನ ಬಿಡಿಬಿಡಿ ಚುಕ್ಕೆಗಳಾಗಿ ಮೂಡುತ್ತವೆ. ಇಲ್ಲಿ ಬಣ್ಣ ಬಹುಮಟ್ಟಿಗೆ ಹೊರಚರ್ಮದಲ್ಲಿಯೇ ಇರುತ್ತದೆ, ಹಾರ್ಮೋನಿನ ಪಾತ್ರವಿಲ್ಲ, ಕೆಟ್ಟಿರುವುದು ಆ ಚುಕ್ಕೆಯಷ್ಟು ಜಾಗ ಮಾತ್ರ. ಆ ಜಾಗದ ಹೊರಚರ್ಮವನ್ನು ಪೂರ್ತಿಯಾಗಿ ತೆಗೆದು ಸುತ್ತಲಿನ ಒಳ್ಳೆಯ ಕೋಶಗಳು ಅಲ್ಲಿ ಬೆಳೆಯುವಂತೆ ಮಾಡಿದರೆ ಕಲೆ ಬಹುಕಾಲ ಮರಳದೆ ಇರಬಹುದು. ಬಂಗಿನಲ್ಲಿ ಹಾಗಲ್ಲ. ಗದ್ದೆಯ ಕಳೆಯ ತಲೆಯನ್ನಷ್ಟೇ ಕೊಯ್ದರೆ ಮಳೆ ಬಿದ್ದೊಡನೆ ಬುಡದಿಂದ ಮತ್ತೆ ಚಿಗುರುವಂತೆ, ಪೀಲ್‌ನಿಂದ ತಿಳಿಯಾದ ಬಂಗು ಬೆಳಕು ತಾಗಿದೊಡನೆ ಮತ್ತೆ ಕಪ್ಪಾಗುತ್ತದೆ, ಏಕೆಂದರೆ ಕೆರಳಿದ ವರ್ಣಕೋಶ ಅಲ್ಲಿಯೇ ಇದೆ.

ನಮ್ಮಲ್ಲಿ ಬಿಸಿಲುಕಲೆಯೆಂದು ಜನ ತೋರಿಸುವುದೆಲ್ಲ ಬಿಸಿಲುಕಲೆಯೂ ಅಲ್ಲ, ಬಂಗೆಂದು ಹೇಳುವುದೆಲ್ಲ ಬಂಗೂ ಅಲ್ಲ. ಕೆನ್ನೆಯ ಮೇಲೆ ಸಾಸಿವೆಕಾಳಿನಷ್ಟು ಉಬ್ಬಿ ನಿಲ್ಲುವ ಕಪ್ಪು ಗುಳ್ಳೆಗಳು ಬೇರೆಯೇ ಬೆಳವಣಿಗೆ. ಅವು ಪೀಲ್‌ನಿಂದ ಹೋಗುವುದಿಲ್ಲ, ವಿದ್ಯುತ್ ಉಪಕರಣದಿಂದ ತೆಗೆಯಬೇಕಾಗುತ್ತದೆ. ಕೂದಲ ಬಣ್ಣ, ಕುಂಕುಮ, ಸುಗಂಧದ್ರವ್ಯಗಳ ಅಲರ್ಜಿಯಿಂದ ಮುಖ ಕಪ್ಪಾಗುವುದುಂಟು. ಅಲ್ಲಿ ಕಾರಣವಾದ ವಸ್ತುವನ್ನು ಬಿಡದೆ ಆಮ್ಲ ಹಚ್ಚಿದರೆ ಇನ್ನಷ್ಟು ಕಪ್ಪಾಗುತ್ತದೆ. ಕುತ್ತಿಗೆ ಮತ್ತು ಕಪೋಲಗಳು ದಪ್ಪಗಾಗಿ ಕಪ್ಪಾಗುವುದು ಹಲವೊಮ್ಮೆ ಸ್ಥೂಲಕಾಯ ಮತ್ತು ಇನ್ಸುಲಿನ್ ಪ್ರತಿರೋಧದ ಗುರುತು. ಅಪರೂಪವಾದರೂ ಮರೆಯಬಾರದ ಇನ್ನೊಂದು ಸಾಧ್ಯತೆಯಿದೆ: ಒಂದೇ ಕಲೆ ಅಡ್ಡಾದಿಡ್ಡಿ ಅಂಚಿನಿಂದ, ಹಲವು ಬಣ್ಣಗಳಿಂದ ಕೂಡಿ ಬೆಳೆಯುತ್ತಿದ್ದರೆ ಅದು ಚರ್ಮದ ಕ್ಯಾನ್ಸರ್‌ನ ಮೊದಲ ಹಂತವಾಗಿರಬಹುದು, ಅದಕ್ಕೆ ಬಯಾಪ್ಸಿ ಮಾಡಿಸದೆ ಆಮ್ಲ ಹಚ್ಚಿ ಮೇಲ್ಮೈಯನ್ನು ಅಳಿಸುವುದು ರೋಗವನ್ನು ಮರೆಮಾಡಿದಂತೆ. ಪೀಲ್‌ಗಿಂತ ಮೊದಲು ರೋಗನಿರ್ಣಯ ಎಂಬ ನಿಯಮವನ್ನು ಮೀರಲೇಬಾರದು ಎಂದು ನಾನು ಒತ್ತಿ ಹೇಳುವುದು ಇದರಿಂದಲೇ.

ಯಾವ ಆಮ್ಲ, ಎಷ್ಟು ಆಳ

ಚರ್ಮ ಸುಲಿಯಲು ಆಮ್ಲ ಬಳಸುವ ವೈದ್ಯಕೀಯ ಪದ್ಧತಿ ಹಳೆಯದು. ಜರ್ಮನಿಯ ಚರ್ಮವೈದ್ಯ ಪಾಲ್ ಗೆರ್ಸನ್ ಉನ್ನಾ 1882ರಲ್ಲಿಯೇ ಸ್ಯಾಲಿಸಿಲಿಕ್ ಆಮ್ಲ, ರಿಸಾರ್ಸಿನಾಲ್, ಫೀನಾಲ್ ಮತ್ತು ಟ್ರೈಕ್ಲೋರೊಅಸಿಟಿಕ್ ಆಮ್ಲಗಳ ಗುಣವನ್ನು ವಿವರಿಸಿದ್ದರು. ಕಬ್ಬಿನಲ್ಲಿರುವ ಗ್ಲೈಕಾಲಿಕ್, ಹುಳಿಹಾಲಿನಲ್ಲಿರುವ ಲ್ಯಾಕ್ಟಿಕ್ ಮೊದಲಾದ ಆಲ್ಫಾ ಹೈಡ್ರಾಕ್ಸಿ ಆಮ್ಲಗಳು ಬಳಕೆಗೆ ಬಂದದ್ದು 1974ರಲ್ಲಿ ಯೂಜೀನ್ ವ್ಯಾನ್ ಸ್ಕಾಟ್ ಮತ್ತು ರುಯಿ ಯು ಅಮೆರಿಕದಲ್ಲಿ ಮೀನಿನ ಹುರುಪೆಯಂಥ ಚರ್ಮವಿರುವ ರೋಗಿಗಳ ಮೇಲೆ ಅವುಗಳ ಪರಿಣಾಮವನ್ನು ಪ್ರಕಟಿಸಿದ ಅನಂತರ.

ಪೀಲ್‌ಗಳನ್ನು ಅವು ತಲುಪುವ ಆಳಕ್ಕೆ ತಕ್ಕಂತೆ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಹೊರಚರ್ಮದೊಳಗೆ ನಿಲ್ಲುವುದು ಮೇಲ್ಪದರದ ಪೀಲ್, ಒಳಚರ್ಮದ ಮೇಲ್ಭಾಗದವರೆಗೆ ಇಳಿಯುವುದು ಮಧ್ಯಮ, ಅದಕ್ಕೂ ಕೆಳಗಿಳಿಯುವುದು ಆಳದ ಪೀಲ್. ಮುಖದ ಹೊರಚರ್ಮದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಮಾತ್ರ ಎಂಬುದನ್ನು ನೆನೆದರೆ ಈ ಮಟ್ಟಗಳ ನಡುವಣ ಅಂತರ ಎಷ್ಟು ಕಿರಿದೆಂದು ತಿಳಿಯುತ್ತದೆ. ಫೀನಾಲ್ ಬಳಸುವ ಆಳದ ಪೀಲ್ ನಮ್ಮ ಚರ್ಮಕ್ಕೆ ಸಲ್ಲದು. ಅದು ಹೃದಯದ ಬಡಿತವನ್ನು ಏರುಪೇರು ಮಾಡಬಲ್ಲದು. ಚರ್ಮದ ಸಹಜ ಬಣ್ಣವನ್ನೇ ಶಾಶ್ವತವಾಗಿ ಅಳಿಸಿ ಬಿಳಿಕಲೆ ಉಳಿಸಬಲ್ಲದು.

ಬಂಗಿಗೆ ಹೆಚ್ಚಾಗಿ ಬಳಸುವುದು ಗ್ಲೈಕಾಲಿಕ್ ಆಮ್ಲವನ್ನು, ಸಾಮಾನ್ಯವಾಗಿ ಶೇ 20ರಿಂದ 35ರಲ್ಲಿ ಆರಂಭಿಸಿ, ಸಹಿಸಿದರೆ ಮೆಲ್ಲನೆ ಏರಿಸುತ್ತ, ಗರಿಷ್ಠ ಶೇ 70ರವರೆಗೆ. ಈ ಗುಂಪಿನ ಆಮ್ಲಗಳಲ್ಲೆಲ್ಲ ಇದರ ಅಣುವೇ ಅತಿ ಚಿಕ್ಕದು, ಆದ್ದರಿಂದ ಬೇಗ ಒಳಗಿಳಿಯುತ್ತದೆ. ಸತ್ತ ಕೋಶಗಳನ್ನು ಹಿಡಿದಿಟ್ಟ ಬಂಧಗಳನ್ನು ಸಡಿಲಿಸಿ ಅವು ಬೇಗ ಉದುರುವಂತೆ ಮಾಡುವುದು ಇದರ ಮುಖ್ಯ ಕೆಲಸ. ಗ್ಲೈಕಾಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳು ಟೈರೊಸಿನೇಸ್ ಕಿಣ್ವವನ್ನು ಸ್ವಲ್ಪಮಟ್ಟಿಗೆ ತಡೆಯುತ್ತವೆ ಎಂದು ಪ್ರಯೋಗಾಲಯದ ಕೋಶಗಳಲ್ಲಿ ಕಂಡಿದೆಯಾದರೂ ಬಂಗನ್ನು ನಿಲ್ಲಿಸಲು ಅಷ್ಟೇ ಸಾಲದು. ಸೀಸೆಯ ಮೇಲಿನ ಶೇಕಡಾ ಅಂಕಿಯನ್ನಷ್ಟೇ ನೋಡಿ ಈ ಆಮ್ಲದ ಬಲವನ್ನು ಅಳೆಯುವುದು ಅಪಾಯಕಾರಿ. ದ್ರಾವಣದ ಪಿಎಚ್ (ಆಮ್ಲತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲತೆ ಹೆಚ್ಚು) 3.8ರ ಆಸುಪಾಸಿನಲ್ಲಿದ್ದರೆ ಆಮ್ಲದ ಅರ್ಧದಷ್ಟು ಮಾತ್ರ ಮುಕ್ತ ರೂಪದಲ್ಲಿದ್ದು ಚರ್ಮದ ಮೇಲೆ ಕೆಲಸ ಮಾಡುತ್ತದೆ. ಪಿಎಚ್ ಇನ್ನೂ ಕೆಳಗಿದ್ದರೆ ಬಹುಪಾಲು ಆಮ್ಲ ಮುಕ್ತವಾಗಿರುತ್ತದೆ. ಹೀಗಾಗಿ ಶೇ 50 ಎಂದು ಬರೆದ ಎರಡು ಸೀಸೆಗಳಲ್ಲಿ ಒಂದು ಸೌಮ್ಯವಾಗಿಯೂ ಇನ್ನೊಂದು ಸುಡುವಂತೆಯೂ ಇರಬಹುದು. ಪಿಎಚ್ ನಮೂದಿಸದ ಪೀಲ್ ದ್ರಾವಣವನ್ನು ಯಾರೂ ಮುಖಕ್ಕೆ ಹಚ್ಚಿಸಿಕೊಳ್ಳಬಾರದು.

ಕಹಿಬಾದಾಮಿಯಿಂದ ಬಂದ ಮ್ಯಾಂಡೆಲಿಕ್ ಆಮ್ಲದ ಅಣುಭಾರ ಗ್ಲೈಕಾಲಿಕ್‌ನ ಎರಡರಷ್ಟು. ಅದು ನಿಧಾನವಾಗಿ, ಸಮನಾಗಿ ಇಳಿಯುವುದರಿಂದ ಉರಿ ಕಡಿಮೆ. ನಮ್ಮ ಚರ್ಮಕ್ಕೆ ಒಪ್ಪುವ ಗುಣ ಇದು. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಕರಗುವುದರಿಂದ ಮೊಡವೆ ಮತ್ತು ಮೊಡವೆಯ ಕಲೆ ಎರಡೂ ಇರುವವರಿಗೆ ಚೆನ್ನಾಗಿ ಹೊಂದುತ್ತದೆ. ಶೇ 20ರಿಂದ 30ರ ದ್ರಾವಣ ಹಚ್ಚಿದ ಕೆಲವು ನಿಮಿಷಗಳಲ್ಲಿ ಮದ್ಯಸಾರ ಆರಿ, ಆಮ್ಲ ಬಿಳಿಯ ಹರಳಾಗಿ ಚರ್ಮದ ಮೇಲೆ ಕೂರುತ್ತದೆ. ಅಲ್ಲಿಗೆ ಅದರ ಒಳಹೋಗುವಿಕೆ ತಾನಾಗಿ ನಿಲ್ಲುತ್ತದೆ. ಆಸ್ಪಿರಿನ್ ಅಲರ್ಜಿ ಇರುವವರಿಗೂ ಗರ್ಭಿಣಿಯರಿಗೂ ಇದನ್ನು ಬಳಸುವುದಿಲ್ಲ. ಸ್ಯಾಲಿಸಿಲಿಕ್, ಲ್ಯಾಕ್ಟಿಕ್ ಮತ್ತು ರಿಸಾರ್ಸಿನಾಲ್‌ಗಳನ್ನು ತಲಾ ಶೇ 14ರಂತೆ ಮದ್ಯಸಾರದಲ್ಲಿ ಬೆರೆಸಿದ ಜೆಸ್ನರ್ ದ್ರಾವಣವೂ ಬಳಕೆಯಲ್ಲಿದೆ.

ಟ್ರೈಕ್ಲೋರೊಅಸಿಟಿಕ್ ಆಮ್ಲ, ಚಿಕ್ಕದಾಗಿ ಟಿಸಿಎ, ಇವುಗಳಿಗಿಂತ ಬೇರೆ ರೀತಿಯದು. ಇದು ಚರ್ಮದ ಪ್ರೋಟೀನುಗಳನ್ನು ಹೆಪ್ಪುಗಟ್ಟಿಸುತ್ತದೆ. ಹಾಗೆ ಹೆಪ್ಪುಗಟ್ಟಿದಾಗ ಕಾಣುವ ಬಿಳಿ ಮಂಜಿನಂಥ ಪದರಕ್ಕೆ ಫ್ರಾಸ್ಟಿಂಗ್ ಎನ್ನುತ್ತಾರೆ. ಅದು ಎಷ್ಟು ಗಾಢವಾಗಿದೆ ಎಂಬುದರಿಂದ ಆಳವನ್ನು ಅಂದಾಜು ಮಾಡುತ್ತಾರೆ. ಶೇ 10ರಿಂದ 25ರವರೆಗೆ ಮೇಲ್ಪದರದ ಪೀಲ್, ಶೇ 35ಕ್ಕೆ ಮಧ್ಯಮ, ಶೇ 50 ಮತ್ತು ಮೇಲ್ಪಟ್ಟರೆ ಗಾಯದ ಗುರುತು ಉಳಿಯುವ ಭಯ. ಒಂದೇ ಪ್ರಮಾಣದ ದ್ರಾವಣವನ್ನು ಎರಡನೆಯ ಬಾರಿ ಹಚ್ಚಿದರೂ ಆಳ ಹೆಚ್ಚುತ್ತದೆ ಎಂಬುದನ್ನು ಅನನುಭವಿಗಳು ಮರೆಯುತ್ತಾರೆ. ಹಚ್ಚಿದ ಮೇಲೆ ಇದನ್ನು ಹಿಂತೆಗೆಯುವ ಉಪಾಯವಿಲ್ಲ, ನೀರು ಹಾಕಿದರೂ ಆದ ಕೆಲಸ ಆಗಿರುತ್ತದೆ. ಬಿಡಿಯಾಗಿರುವ ಬಿಸಿಲುಕಲೆಗೆ ಟಿಸಿಎ ಒಳ್ಳೆಯ ಆಯ್ಕೆ, ಏಕೆಂದರೆ ಕಡ್ಡಿಯ ತುದಿಯಿಂದ ಚುಕ್ಕೆಯ ಮೇಲಷ್ಟೇ ಮುಟ್ಟಿಸಿ ಸುತ್ತಲಿನ ಚರ್ಮವನ್ನು ಹಾಗೆಯೇ ಬಿಡಬಹುದು. ಒಂದೆರಡು ವಾರದಲ್ಲಿ ಚುಕ್ಕೆ ಹಕ್ಕಳೆಗಟ್ಟಿ ಉದುರುತ್ತದೆ. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ಲೇಸರ್ ಹಾಯಿಸುವುದು ಇದಕ್ಕೆ ಪರ್ಯಾಯಗಳು. ಮೂರರಲ್ಲಿಯೂ ಗಾಢ ಬಣ್ಣದ ಚರ್ಮಕ್ಕೆ ಕಲೆಯ ಜಾಗದಲ್ಲಿ ಹೊಸ ಕಲೆ ಬರುವ ಅಪಾಯ ಇದ್ದೇ ಇದೆ. ಹೊರಗೈಯ ಚರ್ಮ ಮುಖಕ್ಕಿಂತ ನಿಧಾನವಾಗಿ ಮಾಯುವುದರಿಂದ ಅಲ್ಲಿ ಇನ್ನಷ್ಟು ಎಚ್ಚರ ಬೇಕು.

ಆಮ್ಲಕ್ಕಿಂತ ಮುಂಚಿನ ವಾರಗಳು

ಹಾರ್ವರ್ಡ್‌ನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ, ಆಮೇಲೆ ವಿಸ್ತರಿಸಲ್ಪಟ್ಟ ಆರು ಬಗೆಯ ಚರ್ಮದ ವರ್ಗೀಕರಣದಲ್ಲಿ ಕನ್ನಡನಾಡಿನ ಬಹುಪಾಲು ಜನ ನಾಲ್ಕು ಅಥವಾ ಐದನೆಯ ವರ್ಗಕ್ಕೆ ಸೇರುತ್ತಾರೆ. ಇಂಥ ಚರ್ಮ ಬಿಸಿಲಿಗೆ ಸುಲಭವಾಗಿ ಸುಟ್ಟುಹೋಗುವುದಿಲ್ಲ, ಆದರೆ ಯಾವುದೇ ಉರಿಯೂತಕ್ಕೆ ಕಪ್ಪಾಗಿ ಉತ್ತರಿಸುತ್ತದೆ. ಆಮ್ಲ ಸ್ವಲ್ಪ ಹೆಚ್ಚು ಹೊತ್ತು ನಿಂತರೂ ಸಾಕು, ತೆಗೆಯಹೊರಟ ಕಲೆಗಿಂತ ದೊಡ್ಡದಾದ, ತಿಂಗಳುಗಟ್ಟಲೆ ನಿಲ್ಲುವ ಹೊಸ ಕಪ್ಪು ಮೂಡಬಹುದು. ಬಿಳಿಯರ ಚರ್ಮದ ಮೇಲೆ ನಡೆದ ಚಿಕಿತ್ಸೆಯ ಚಿತ್ರಗಳನ್ನು ನೋಡಿ ಅದೇ ಬಲದ ಪೀಲ್ ಬೇಕೆಂದು ಕೇಳುವುದು ಈ ಕಾರಣಕ್ಕೆ ತಪ್ಪು. ನಮ್ಮಲ್ಲಿ ಸೌಮ್ಯವಾದುದನ್ನು ಹೆಚ್ಚು ಸಲ ಮಾಡುವುದೇ ಸರಿಯಾದ ದಾರಿ. ಭಾರತೀಯ ಚರ್ಮರೋಗ ತಜ್ಞರ ಸಂಘವು 2008ರಲ್ಲಿ ಪ್ರಕಟಿಸಿದ ಪೀಲ್ ಮಾರ್ಗಸೂಚಿಯೂ ಬಣ್ಣದ ತೊಂದರೆಗಳಿಗೆ ಮೇಲ್ಪದರದ ಪೀಲ್‌ಗಳನ್ನೇ ಮುಂದಿಡುತ್ತದೆ.

ಒಳ್ಳೆಯ ವೈದ್ಯರು ಮೊದಲ ಭೇಟಿಯಲ್ಲಿಯೇ ಪೀಲ್ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ ಚರ್ಮವನ್ನು ಸಿದ್ಧಪಡಿಸುತ್ತಾರೆ, ಇದಕ್ಕೆ ಪ್ರೈಮಿಂಗ್ ಎನ್ನುತ್ತಾರೆ. ಹಗಲು ಸನ್‌ಸ್ಕ್ರೀನ್, ರಾತ್ರಿ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಅಜೆಲಾಯಿಕ್ ಆಮ್ಲ ಅಥವಾ ಕಡಿಮೆ ಬಲದ ಗ್ಲೈಕಾಲಿಕ್ ಕ್ರೀಮ್‌ಗಳಲ್ಲಿ ರೋಗಿಗೆ ಒಪ್ಪುವಂಥದು. ಹೈಡ್ರೊಕ್ವಿನೋನ್ ವರ್ಣಕೋಶದ ಕಿಣ್ವವನ್ನು ತಡೆದು, ಆಮ್ಲದ ಉರಿಗೆ ಅದು ಕಪ್ಪಿನಿಂದ ಉತ್ತರಿಸದಂತೆ ನೋಡಿಕೊಳ್ಳುತ್ತದೆ. ಟ್ರೆಟಿನಾಯಿನ್ ಮೇಲ್ಪದರವನ್ನು ತೆಳುಮಾಡಿ ಆಮ್ಲ ಎಲ್ಲೆಡೆ ಸಮನಾಗಿ ಇಳಿಯುವಂತೆ ಮಾಡುತ್ತದೆ. ಆದರೆ ಅದನ್ನು ಪೀಲ್‌ಗೆ ಕೆಲವು ದಿನ ಮುಂಚೆ ನಿಲ್ಲಿಸಬೇಕು, ಇಲ್ಲವಾದರೆ ಆಮ್ಲ ನಿರೀಕ್ಷೆಗಿಂತ ಆಳಕ್ಕೆ ಹೋಗುತ್ತದೆ. ಈ ವಾರಗಳು ಇನ್ನೊಂದು ಉಪಕಾರವನ್ನೂ ಮಾಡುತ್ತವೆ: ಪ್ರತಿದಿನ ಸನ್‌ಸ್ಕ್ರೀನ್ ಹಚ್ಚಲು ಆಗದವರು ಯಾರೆಂಬುದು ಅಷ್ಟರಲ್ಲಿ ತಿಳಿಯುತ್ತದೆ. ಅಂಥವರಿಗೆ ಪೀಲ್ ಮಾಡದಿರುವುದೇ ಲೇಸು.

ಹರ್ಪಿಸ್ ಹುಣ್ಣು ತುಟಿಯ ಸುತ್ತ ಪದೇಪದೇ ಬರುತ್ತದೆಯೇ, ಗಾಯಗಳು ಉಬ್ಬಿದ ಗುರುತಾಗಿ ಮಾಯುತ್ತವೆಯೇ, ಈಚೆಗೆ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಂಡಿದ್ದಾರೆಯೇ, ಬಿಸಿಲಿಗೆ ಚರ್ಮವನ್ನು ಸೂಕ್ಷ್ಮಗೊಳಿಸುವ ಬೇರೆ ಔಷಧಿ ಇದೆಯೇ, ಗರ್ಭಿಣಿಯೇ, ಹಾಲೂಡಿಸುತ್ತಿದ್ದಾರೆಯೇ ಎಂದೆಲ್ಲ ವೈದ್ಯರು ಕೇಳುವುದು ವಾಡಿಕೆಯ ಮಾತಿಗಲ್ಲ. ಪ್ರತಿಯೊಂದು ಉತ್ತರಕ್ಕೂ ಯೋಜನೆಯನ್ನು ಬದಲಿಸುವ ಶಕ್ತಿಯಿದೆ. ಬಸುರಿನಲ್ಲಿ ಬಂದ ಬಂಗು ಹೆರಿಗೆಯಾದ ಕೆಲವು ತಿಂಗಳಲ್ಲಿ ಹಲವರಿಗೆ ತಾನಾಗಿ ತಿಳಿಯಾಗುತ್ತದೆ, ಆದ್ದರಿಂದ ಆಗ ಬಿಸಿಲಿನ ರಕ್ಷಣೆಯೊಂದನ್ನೇ ಪಾಲಿಸಿ ಕಾಯುವುದು ಜಾಣತನ.

ಪೀಲ್ ಮಾಡುವ ಹೊತ್ತು ಚಿಕ್ಕದು. ಮುಖ ತೊಳೆದು, ಮದ್ಯಸಾರ ಅಥವಾ ಅಸಿಟೋನ್‌ನಿಂದ ಜಿಡ್ಡು ತೆಗೆದು, ಕಣ್ಣಿನ ಮೂಲೆ, ಮೂಗಿನ ಬದಿಯ ಮಡಿಕೆ, ತುಟಿಯ ಅಂಚುಗಳಿಗೆ ವ್ಯಾಸಲೀನ್ ಹಚ್ಚಿ, ತಲೆಯನ್ನು ಸ್ವಲ್ಪ ಎತ್ತರಿಸಿ ಮಲಗಿಸುತ್ತಾರೆ. ಹಣೆಯಿಂದ ಆರಂಭಿಸಿ ಕೆನ್ನೆ, ಗಲ್ಲ, ಕೊನೆಗೆ ಸೂಕ್ಷ್ಮವಾದ ಮೇಲ್ದುಟಿ ಎಂಬ ಕ್ರಮದಲ್ಲಿ ಬೇಗ ಹಚ್ಚುತ್ತಾರೆ. ಗ್ಲೈಕಾಲಿಕ್ ಆದರೆ ಮೊದಲ ಸಲ ಒಂದೆರಡು ನಿಮಿಷ, ಮುಂದಿನ ಸಲಗಳಲ್ಲಿ ಮೂರರಿಂದ ಐದು ನಿಮಿಷ. ಗಡಿಯಾರದ ಮೇಲೆ ಎಷ್ಟು ಕಣ್ಣಿರುತ್ತದೆಯೋ ಅದಕ್ಕಿಂತ ಹೆಚ್ಚು ಚರ್ಮದ ಮೇಲಿರಬೇಕು: ನಸುಗೆಂಪು ಸಮನಾಗಿ ಮೂಡಿದೊಡನೆ ನಿಲ್ಲಿಸಬೇಕು, ಎಲ್ಲಿಯಾದರೂ ಬೂದುಬಿಳಿ ಛಾಯೆ ಕಂಡರೆ ಆ ಜಾಗವನ್ನು ತತ್‌ಕ್ಷಣ ಶಮನಗೊಳಿಸಬೇಕು. ಸೋಡಿಯಂ ಬೈಕಾರ್ಬೋನೇಟ್ ದ್ರಾವಣ ಸವರಿದಾಗ ನೊರೆ ಏಳುತ್ತದೆ. ನೊರೆ ನಿಂತಿತೆಂದರೆ ಆಮ್ಲ ಉಳಿದಿಲ್ಲ ಎಂದರ್ಥ. ಕಪ್ಪು ಚರ್ಮದಲ್ಲಿ ನಸುಗೆಂಪನ್ನು ಗುರುತಿಸುವುದಕ್ಕೆ ಪಳಗಿದ ಕಣ್ಣು ಬೇಕು. ಇದೊಂದೇ ಸಂಗತಿ ಸಾಕು, ಪೀಲ್ ಅನ್ನು ವೈದ್ಯರ ಕೈಯಲ್ಲಿ ಮಾತ್ರ ಮಾಡಿಸಬೇಕು ಎನ್ನಲಿಕ್ಕೆ.

ಅನಂತರದ ಮೂರರಿಂದ ಏಳು ದಿನ ಚರ್ಮ ಬಿಗಿದುಕೊಂಡು, ಕಂದಾಗಿ, ತೆಳ್ಳನೆಯ ಪುಡಿಯಾಗಿ ಉದುರುತ್ತದೆ. ಏಳುತ್ತಿರುವ ಸಿಪ್ಪೆಯನ್ನು ಉಗುರಿನಿಂದ ಎಳೆದರೆ ಕೆಳಗೆ ಇನ್ನೂ ಮಾಗದ ಚರ್ಮ ಹರಿದು ಅಲ್ಲಿಯೇ ಹೊಸ ಕಲೆ ನಿಲ್ಲುತ್ತದೆ. ಸೌಮ್ಯವಾದ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಬಿಟ್ಟು ಬೇರೇನೂ ಬೇಡ. ಸ್ಕ್ರಬ್, ಬ್ಲೀಚ್, ಥ್ರೆಡಿಂಗ್, ವ್ಯಾಕ್ಸಿಂಗ್, ಉಗಿ ಯಾವುದೂ ಬೇಡ. ಎರಡರಿಂದ ನಾಲ್ಕು ವಾರಕ್ಕೊಮ್ಮೆಯಂತೆ ಸುಮಾರು ಆರು ಸಲ ಮಾಡುವುದು ರೂಢಿ.

ಅಧ್ಯಯನಗಳು ಹೇಳುವುದು

ಪೀಲ್‌ನಿಂದ ಬಂಗಿಗೆ ಎಷ್ಟು ಲಾಭ ಎಂಬುದನ್ನು ಅಳೆಯಲು ಸಂಶೋಧಕರು ಮಾಸಿ ಎಂಬ ಅಂಕವನ್ನು ಬಳಸುತ್ತಾರೆ. ಹಣೆ, ಎರಡು ಕೆನ್ನೆ, ಗಲ್ಲ ಎಂಬ ನಾಲ್ಕು ಭಾಗಗಳಲ್ಲಿ ಕಲೆಯ ವಿಸ್ತಾರ, ಗಾಢತೆ ಮತ್ತು ಒಂದೇ ಸಮನೆ ಇರುವಿಕೆಯನ್ನು ಲೆಕ್ಕಹಾಕಿ 0ರಿಂದ 48ರವರೆಗೆ ಅಂಕ ಕೊಡುವ ಪದ್ಧತಿ ಅದು. 2002ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ. ಅಮೆರಿಕದಲ್ಲಿ ಲ್ಯಾಟಿನ್ ಅಮೆರಿಕ ಮೂಲದ 21 ಮಹಿಳೆಯರ ಮುಖದ ಎರಡೂ ಬದಿಗೆ ಶೇ 4ರ ಹೈಡ್ರೊಕ್ವಿನೋನ್ ಹಚ್ಚಿ, ಒಂದು ಬದಿಗೆ ಮಾತ್ರ ಶೇ 20–30ರ ಗ್ಲೈಕಾಲಿಕ್ ಪೀಲ್ ಮಾಡಿದಾಗ, ಎರಡೂ ಬದಿಗಳು ಸುಧಾರಿಸಿದವು. ಪೀಲ್ ಮಾಡಿದ ಬದಿ ಹೆಚ್ಚೇನೂ ಸುಧಾರಿಸಿರಲಿಲ್ಲ. ಅದೇ ವರ್ಷ ಭಾರತದ 40 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಸೌಮ್ಯ ಸ್ಟೆರಾಯ್ಡ್ ಬೆರೆಸಿದ ಕ್ರೀಮ್ ಮಾತ್ರ ಕೊಟ್ಟು, ಉಳಿದವರಿಗೆ ಅದರ ಜೊತೆಗೆ ಸರಣಿ ಪೀಲ್‌ಗಳನ್ನೂ ಮಾಡಿದಾಗ ಪೀಲ್ ಪಡೆದವರಲ್ಲಿ ಬೇಗನೆಯೂ ಹೆಚ್ಚಾಗಿಯೂ ಸುಧಾರಣೆ ಕಂಡಿತು. 2016ರಲ್ಲಿ ಪ್ರಕಟವಾದ, 90 ಭಾರತೀಯ ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಶೇ 35ರ ಗ್ಲೈಕಾಲಿಕ್ ಹಾಗೂ ಸ್ಯಾಲಿಸಿಲಿಕ್–ಮ್ಯಾಂಡೆಲಿಕ್ ಮಿಶ್ರಣ ಎರಡೂ ಸರಿಸುಮಾರು ಸಮಾನ ಫಲ ಕೊಟ್ಟವು. ಮಿಶ್ರಣವನ್ನು ರೋಗಿಗಳು ಹೆಚ್ಚು ಚೆನ್ನಾಗಿ ಸಹಿಸಿದರು.

ಈ ಅಧ್ಯಯನಗಳೆಲ್ಲ ಚಿಕ್ಕವು, ಕೆಲವೇ ತಿಂಗಳು ನಡೆದಂಥವು ಎಂಬುದನ್ನು ಒಪ್ಪಿಕೊಂಡು ನಾನು ತೀರ್ಮಾನಿಸುವುದಿಷ್ಟು: ಬಂಗಿನಲ್ಲಿ ಪೀಲ್ ತಾನಾಗಿ ಚಿಕಿತ್ಸೆಯಲ್ಲ, ಕ್ರೀಮಿನ ಚಿಕಿತ್ಸೆಗೆ ವೇಗ ಕೊಡುವ ನೆರವು. ಕ್ರೀಮಿನಿಂದ ಮೂರು ತಿಂಗಳಾದರೂ ಸಾಕಷ್ಟು ಫಲ ಕಾಣದವರಿಗೆ, ಬಣ್ಣ ಬಹುಪಾಲು ಮೇಲ್ಪದರದಲ್ಲಿ ಇರುವವರಿಗೆ ಅದನ್ನು ಸೇರಿಸುವುದು ಯೋಗ್ಯ. ಮೊದಲ ದಿನವೇ ದುಬಾರಿ ಪೀಲ್ ಪ್ಯಾಕೇಜಿಗೆ ಹಣ ಕಟ್ಟಿಸಿಕೊಳ್ಳುವ ಪದ್ಧತಿಗೆ ಈ ಫಲಿತಾಂಶಗಳಲ್ಲಿ ಆಧಾರವಿಲ್ಲ. ಆಳದ ಬಂಗಿಗೆ ಆಳದ ಪೀಲ್ ಬೇಕೆಂಬ ತರ್ಕ ಸರಿಯೆನಿಸಿದರೂ ನಮ್ಮ ಚರ್ಮದಲ್ಲಿ ಅದು ಹಾನಿಗೆ ದಾರಿ. ಅಂಥವರಿಗೆ ವೈದ್ಯರು, ಮೂಲತಃ ರಕ್ತಸ್ರಾವ ತಡೆಯಲು ಬಳಸುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯನ್ನು, ರಕ್ತ ಹೆಪ್ಪುಗಟ್ಟುವ ಅಪಾಯ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಸಾಮಾನ್ಯವಾಗಿ 250 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ಕೊಡುವುದುಂಟು.

ಔಷಧಿ ಅಂಗಡಿಯಿಂದ ಮತ್ತು ಆನ್‌ಲೈನಿನಿಂದ ಬರುವ ಅಪಾಯ

ನಮ್ಮಲ್ಲಿ ಬಂಗಿನ ಚಿಕಿತ್ಸೆಯನ್ನು ಕೆಡಿಸಿರುವುದು ಪೀಲ್‌ಗಿಂತ ಹೆಚ್ಚಾಗಿ ಸ್ಟೆರಾಯ್ಡ್ ಬೆರೆತ ಮುಲಾಮುಗಳು. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ 1975ರಲ್ಲಿ ಸಹೋದ್ಯೋಗಿಯೊಂದಿಗೆ ವಿವರಿಸಿದ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಡೆಕ್ಸಾಮೆಥಾಸೋನ್‌ಗಳ ಸೂತ್ರವನ್ನು ವೈದ್ಯರು ಸೀಮಿತ ವಾರಗಳಿಗೆ ಬಳಸಿದರೆ ಅದು ಈಗಲೂ ಪರಿಣಾಮಕಾರಿ. ಆದರೆ ಅದೇ ಜಾತಿಯ ಕ್ರೀಮ್‌ಗಳು ನಮ್ಮ ಔಷಧಿ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಕ್ಕು, ಅಕ್ಕಪಕ್ಕದವರ ಮಾತಿನ ಮೇಲೆ ವರ್ಷಗಟ್ಟಲೆ ಬಳಕೆಯಾಗುತ್ತಿವೆ. ಮೊದಲ ತಿಂಗಳು ಮುಖ ಬೆಳ್ಳಗಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತವೆ, ಮೊಡವೆ ಮತ್ತು ಕೂದಲು ಹೆಚ್ಚುತ್ತವೆ, ಕ್ರೀಮ್ ಬಿಟ್ಟರೆ ಉರಿ ತಡೆಯಲಾಗದು. ಕೇಂದ್ರ ಸರ್ಕಾರ 2018ರಲ್ಲಿ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ ವೈದ್ಯರ ಚೀಟಿಯನ್ನು ಕಡ್ಡಾಯ ಮಾಡಿದ್ದು ಇದಕ್ಕಾಗಿಯೇ. ಇಂಥ ಮುಲಾಮಿನಿಂದ ತೆಳುವಾದ ಚರ್ಮಕ್ಕೆ ಆಮ್ಲ ಹಚ್ಚಿದರೆ ಅದು ಎಷ್ಟು ಆಳಕ್ಕೆ ಇಳಿಯುವುದೆಂದು ಯಾರೂ ಹೇಳಲಾರರು. ಆದುದರಿಂದ ಬಳಸುತ್ತಿದ್ದ ಟ್ಯೂಬನ್ನು ನಾಚಿಕೆಯಿಲ್ಲದೆ ವೈದ್ಯರಿಗೆ ತೋರಿಸಬೇಕು. ಹೈಡ್ರೊಕ್ವಿನೋನ್ ಒಂದನ್ನೇ ವರ್ಷಗಟ್ಟಲೆ ಹಚ್ಚಿದವರಲ್ಲಿಯೂ ಓಕ್ರೊನೋಸಿಸ್ ಎಂಬ, ಸುಲಭವಾಗಿ ಹೋಗದ ನೀಲಿಗಪ್ಪು ಕಲೆ ಬರುವುದುಂಟು.

ಆನ್‌ಲೈನ್ ಮಳಿಗೆಗಳಲ್ಲಿ ಹೆಚ್ಚು ಬಲದ ಗ್ಲೈಕಾಲಿಕ್ ಮತ್ತು ಟಿಸಿಎ ದ್ರಾವಣಗಳು ಯಾರಿಗೆ ಬೇಕಾದರೂ ಸಿಗುತ್ತಿವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಜುಲೈನಲ್ಲಿ, ವೈದ್ಯರ ಮೇಲ್ವಿಚಾರಣೆಯಿಲ್ಲದೆ ಇವುಗಳನ್ನು ಕೊಂಡು ಬಳಸಬಾರದೆಂದು, ಸುಟ್ಟಗಾಯ ಮತ್ತು ಶಾಶ್ವತ ಗುರುತುಗಳ ಅಪಾಯವನ್ನು ಹೇಳಿ ಎಚ್ಚರಿಸಿತು. ಮನೆಯಲ್ಲಿ ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದೂ ನಿರುಪದ್ರವಿಯಲ್ಲ. ನಿಂಬೆಯಲ್ಲಿರುವ ಕೆಲವು ರಾಸಾಯನಿಕಗಳು ನೇರಳಾತೀತ ಕಿರಣ ತಾಗಿದಾಗ ಚರ್ಮವನ್ನು ಸುಟ್ಟು, ತಿಂಗಳುಗಟ್ಟಲೆ ಉಳಿಯುವ ಕಪ್ಪನ್ನು ಬಿಡುತ್ತವೆ.

ಪೀಲ್‌ನ ಫಲ ಉಳಿಯುವುದು ಬೆಳಕಿನಿಂದ ಪಡೆಯುವ ರಕ್ಷಣೆಯ ಮೇಲೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹವೆ ತಂಪಾಗಿದೆಯೆಂದು ಬಿಸಿಲನ್ನು ಲಘುವಾಗಿ ಎಣಿಸುವವರು, ಬೇಸಿಗೆಯ ನಡುಹಗಲಿನಲ್ಲಿ ಅಲ್ಲಿನ ನೇರಳಾತೀತ ಸೂಚ್ಯಂಕ ಅತಿ ತೀವ್ರವೆಂದು ಎಣಿಸುವ 11ನ್ನು ಮುಟ್ಟುತ್ತದೆಂಬುದನ್ನು ಗಮನಿಸಬೇಕು. ನೇರಳಾತೀತ ಎ ಕಿರಣಗಳು ಕಿಟಕಿಯ ಗಾಜನ್ನೂ ದಾಟುತ್ತವೆ, ಆದ್ದರಿಂದ ಕಚೇರಿಯ ಕಿಟಕಿಯ ಬಳಿ ಕುಳಿತವರಿಗೂ ಬಸ್ಸಿನಲ್ಲಿ ಓಡಾಡುವವರಿಗೂ ರಕ್ಷಣೆ ಬೇಕು. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಅನ್ನು ಎರಡು ಬೆರಳುಗಳ ಉದ್ದಕ್ಕೆ ಹಿಂಡಿ ಮುಖ ಮತ್ತು ಕುತ್ತಿಗೆಗೆ ಹಚ್ಚಿದರೆ ಅದು ಸರಿಯಾದ ಪ್ರಮಾಣ. ಹೊರಗಿದ್ದಾಗ ಎರಡು–ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಸಾಮಾನ್ಯ ಸನ್‌ಸ್ಕ್ರೀನ್ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಅದನ್ನು ತಡೆಯುತ್ತದೆ, ಬಂಗು ಇರುವವರು ಅದನ್ನೇ ಆರಿಸುವುದು ಒಳ್ಳೆಯದು. ಹೊಲದಲ್ಲಿ, ರಸ್ತೆ ಕಾಮಗಾರಿಯಲ್ಲಿ ದಿನವಿಡೀ ದುಡಿಯುವ ಹೆಂಗಸರಿಗೆ ಈ ಖರ್ಚು ಸಣ್ಣದಲ್ಲ. ಅಗಲ ಅಂಚಿನ ಟೋಪಿ, ಮುಖದ ಮೇಲೆ ನೆರಳು ಬೀಳುವಂತೆ ಎಳೆದುಕೊಂಡ ದಪ್ಪ ಸೆರಗು ಅವರಿಗೆ ನಿಜವಾದ ಔಷಧಿಯೇ ಆಗಿದೆ, ಮತ್ತು ಅವರಿಗೆ ಪೀಲ್ ಸಲಹೆ ಮಾಡುವ ಮೊದಲು ವೈದ್ಯರು ಅವರ ಕೆಲಸದ ಸ್ಥಿತಿಯನ್ನು ಕೇಳಬೇಕು.

ಸರಣಿ ಮುಗಿದ ಮೇಲೆ ಹೈಡ್ರೊಕ್ವಿನೋನ್ ಅನ್ನು ನಿಲ್ಲಿಸಿ, ದೀರ್ಘಕಾಲ ಬಳಸಬಹುದಾದ ಅಜೆಲಾಯಿಕ್ ಆಮ್ಲದಂಥ ಕ್ರೀಮಿಗೆ ಬದಲಾಯಿಸುತ್ತಾರೆ. ಕೆಲವರಿಗೆ ಒಂದೆರಡು ತಿಂಗಳಿಗೊಮ್ಮೆ ಸೌಮ್ಯ ಪೀಲ್ ಮುಂದುವರಿಸುತ್ತಾರೆ. ಬಂಗು ಬೇಸಿಗೆಯಲ್ಲಿ ಮರಳಿದರೆ ಅದನ್ನು ಚಿಕಿತ್ಸೆಯ ಸೋಲೆಂದು ತಿಳಿದು ಹೆಚ್ಚು ಬಲದ ಆಮ್ಲ ಕೇಳಬೇಕಾಗಿಲ್ಲ, ಮೊದಲಿನ ಕ್ರಮವನ್ನೇ ಮತ್ತೆ ಆರಂಭಿಸಿದರೆ ಸಾಕು. ಆದರೆ ಯಾವುದೇ ಪೀಲ್ ಆದ ಮೇಲೆ ನೋವು ಕಡಿಮೆಯಾಗದೆ ಏರುತ್ತಿದ್ದರೆ, ಗುಳ್ಳೆ ಅಥವಾ ಕೀವು ಕಂಡರೆ, ಒಂದು ಕಡೆಯ ಕೆಂಪು ಎರಡು ವಾರ ಕಳೆದರೂ ಇಳಿಯದಿದ್ದರೆ, ಮುಂದಿನ ಭೇಟಿಯ ದಿನದವರೆಗೆ ಕಾಯದೆ ವೈದ್ಯರಿಗೆ ತೋರಿಸಬೇಕು; ಆ ಹಂತದಲ್ಲಿ ಶುರುಮಾಡಿದ ಔಷಧಿ ಗಾಯದ ಗುರುತನ್ನೂ ಹೊಸ ಕಪ್ಪನ್ನೂ ಬಹುಮಟ್ಟಿಗೆ ತಪ್ಪಿಸುತ್ತದೆ.